ಮಗುವನ್ನು ವಾಪಸ್ ಕಳಿಸಲಿಲ್ಲ ಎಂದಾಗ: ಠಾಣೆಯಿಂದ ಹೈಕೋರ್ಟ್‌ವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಭಾನುವಾರ ಸಂಜೆ ಮಗು ಮನೆಗೆ ಬರಬೇಕಿತ್ತು. ಏಳಾಯಿತು, ಎಂಟಾಯಿತು. ಭಾವನ ಫೋನ್ ಸ್ವಿಚ್ ಆಫ್. ಒಂಬತ್ತೂವರೆಗೆ ಅಕ್ಕನನ್ನು ಸ್ಕೂಟರ್ ಮೇಲೆ ಕೂರಿಸಿಕೊಂಡು ಬೆಂಗಳೂರಿನ ಒಂದು ಠಾಣೆಗೆ ಹೋದೆ. ಅಕ್ಕನ ಕೈಯಲ್ಲಿ ಫ್ಯಾಮಿಲಿ ಕೋರ್ಟ್ ಆದೇಶದ ಜೆರಾಕ್ಸ್ ಇತ್ತು. ಡ್ಯೂಟಿಯಲ್ಲಿದ್ದ ಪಿಎಸ್‌ಐ ಅದನ್ನು ಎರಡು ಸಲ ಓದಿದರು. "ಇದರಲ್ಲಿ ಟೈಮೇ ಇಲ್ವಲ್ಲಮ್ಮಾ. ನಾವು ಯಾವ ಆಧಾರದ ಮೇಲೆ ಹೋಗಿ ಬಾಗಿಲು ತಟ್ಟೋದು?" ಎಂದರು.

ಅವರು ಹೇಳಿದ್ದು ನಿಜ. ಆದೇಶದಲ್ಲಿ ಭೇಟಿಯ ಬಗ್ಗೆ ಇದ್ದದ್ದು ಒಂದೇ ಸಾಲು: ತಂದೆ ಪ್ರತಿ ಭಾನುವಾರ ಮಗುವನ್ನು ಭೇಟಿ ಮಾಡಬಹುದು. ಎಷ್ಟು ಗಂಟೆಗೆ ಕರೆದುಕೊಂಡು ಹೋಗಬೇಕು, ಎಷ್ಟಕ್ಕೆ ತಂದು ಬಿಡಬೇಕು, ಎಲ್ಲಿ ಬಿಡಬೇಕು, ಏನೂ ಇಲ್ಲ. ಮಗು ಮರುದಿನ ಬೆಳಿಗ್ಗೆ ಸುರಕ್ಷಿತವಾಗಿ ಬಂತು. ಆದರೆ ಆ ರಾತ್ರಿ ಅಕ್ಕ ಠಾಣೆಯ ಬೆಂಚಿನ ಮೇಲೆ ಕೂತು ಅತ್ತದ್ದು ನನಗೆ ಇವತ್ತಿಗೂ ಮರೆತಿಲ್ಲ.

ನಾನು ವಕೀಲನಲ್ಲ. ಅಕ್ಕನ ಕೇಸಿನ ಹಿಂದೆ ಮೂರು ವರ್ಷ ಓಡಾಡಿದವನು. ಆ ಓಡಾಟದಲ್ಲಿ ಒಂದು ಮಾತು ಸ್ಪಷ್ಟವಾಯಿತು. ಪೊಲೀಸರು ನಮ್ಮ ಕಣ್ಣೀರು ನೋಡಿ ಹೊರಡುವುದಿಲ್ಲ, ಕೈಯಲ್ಲಿರುವ ಕಾಗದ ನೋಡಿ ಹೊರಡುತ್ತಾರೆ. ಆ ಕಾಗದ ಸರಿಯಾಗಿದ್ದರೆ ಅರ್ಧ ದಾರಿ ಸಾಗಿದಂತೆ. ನಿಮ್ಮ ಕೇಸಿನ ವಿವರಗಳನ್ನು ಒಬ್ಬ ವಕೀಲರಿಗೆ ತೋರಿಸಲೇಬೇಕು. ಅವರ ಹತ್ತಿರ ಹೋಗುವ ಮೊದಲು ಗೊತ್ತಿರಬೇಕಾದ್ದನ್ನು ಇಲ್ಲಿ ಬರೆದಿದ್ದೇನೆ.

ಯಾರ ಕೆಲಸ ಯಾವುದು

ಮಗು ಯಾರ ಹತ್ತಿರ ಇರಬೇಕು ಎಂದು ತೀರ್ಮಾನಿಸುವುದು ಫ್ಯಾಮಿಲಿ ಕೋರ್ಟ್. ಅದು ಇಲ್ಲದ ಕಡೆ ಜಿಲ್ಲಾ ಕೋರ್ಟ್. ಇದಕ್ಕೆ ಮುಖ್ಯ ಆಧಾರ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ. ಇದು ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಹಿಂದೂಗಳಿಗೆ ಇದರ ಜೊತೆ 1956ರ ಹಿಂದೂ ಅಪ್ರಾಪ್ತ ವಯಸ್ಕರ ಕಾಯ್ದೆಯೂ ಇದೆ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು ಎಂದು ಅದರ 6ನೇ ಸೆಕ್ಷನ್ ಹೇಳುತ್ತದೆ. ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು ಎನ್ನುವುದು 13ನೇ ಸೆಕ್ಷನ್. ತಂದೆಯ 'ನಂತರ' ತಾಯಿ ಗಾರ್ಡಿಯನ್ ಎಂಬ ಮಾತು ಕಾಯ್ದೆಯಲ್ಲಿದೆ. ತಂದೆ ಸತ್ತ ಮೇಲೆ ಎಂದು ಅದರ ಅರ್ಥವಲ್ಲ, ತಂದೆ ಮಗುವಿನ ಹೊಣೆ ಹೊರದಿದ್ದಾಗಲೂ ತಾಯಿಯೇ ಗಾರ್ಡಿಯನ್ ಎಂದು ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1999ರಲ್ಲಿ ಹೇಳಿತು.

ಪೊಲೀಸರ ಕೆಲಸ ಎರಡೇ: ಮಗುವಿನ ಸುರಕ್ಷತೆ ಮತ್ತು ಅಪರಾಧ ನಡೆದಿದ್ದರೆ ತನಿಖೆ. "15 ದಿನ ಅಪ್ಪನ ಹತ್ತಿರ, 15 ದಿನ ಅಮ್ಮನ ಹತ್ತಿರ" ಎಂದು ಠಾಣೆಯಲ್ಲಿ ಮುಚ್ಚಳಿಕೆ ಬರೆಸಿಕೊಂಡರೆ ಅದು ಕೋರ್ಟ್ ಆದೇಶ ಆಗುವುದಿಲ್ಲ. ಆದರೆ ನೀವು ಸಹಿ ಹಾಕಿದ ಆ ಕಾಗದವನ್ನು ಮುಂದೆ ಎದುರಿನವರು ಕೋರ್ಟಿಗೆ ತಂದು ತೋರಿಸಬಹುದು. ರಾತ್ರಿ ಹನ್ನೊಂದಕ್ಕೆ, ಸುಸ್ತಾಗಿ, ಸಾಕಪ್ಪಾ ಅನ್ನಿಸಿದಾಗ ಸಹಿ ಹಾಕಬೇಡಿ. "ವಕೀಲರನ್ನು ಕೇಳಿ ನಾಳೆ ಬರುತ್ತೇನೆ" ಎಂದು ಹೇಳುವ ಹಕ್ಕು ನಿಮಗಿದೆ.

ಕ್ರಿಮಿನಲ್ ಕೇಸುಗಳನ್ನು ಸರ್ಕಾರದ ಪರ ನಡೆಸುವ ಅಭಿಯೋಜಕರಿಗೆ, ಅಂದರೆ ಪಿಪಿ (ಪಬ್ಲಿಕ್ ಪ್ರಾಸಿಕ್ಯೂಟರ್) ಮತ್ತು ಎಪಿಪಿ (ಸಹಾಯಕ ಪಿಪಿ) ಗಳಿಗೆ, ಫ್ಯಾಮಿಲಿ ಕೋರ್ಟಿನ ಸುಪರ್ದಿ (ಮಗುವನ್ನು ತನ್ನ ಹತ್ತಿರ ಇಟ್ಟುಕೊಳ್ಳುವ ಹಕ್ಕು) ಅರ್ಜಿಯಲ್ಲಿ ಪಾತ್ರವಿಲ್ಲ. ಅಲ್ಲಿ ಇರುವುದು ಗಂಡ, ಹೆಂಡತಿ, ಜಡ್ಜ್, ಕೌನ್ಸೆಲರ್. ಕ್ರಿಮಿನಲ್ ಕೇಸ್ ಆದಾಗ ಮಾತ್ರ ಅಭಿಯೋಜಕರು ಬರುತ್ತಾರೆ.

ಹೆಜ್ಜೆ 1: ಮಗುವಿಗೆ ಈಗ ಅಪಾಯ ಇದೆಯೇ?

ಕುಡಿದು ಗಲಾಟೆ, ಹೊಡೆತ, ಮಗುವನ್ನು ಕೂಡಿ ಹಾಕಿರುವುದು, ಔಷಧಿ ಬೇಕಾದ ಮಗುವಿಗೆ ಔಷಧಿ ಕೊಡದಿರುವುದು. ಇಂಥದ್ದೇನಾದರೂ ಇದ್ದರೆ ಆದೇಶ, ವಕೀಲರು, ಸೆಕ್ಷನ್ ಯಾವುದನ್ನೂ ಕಾಯಬೇಡಿ. 112ಕ್ಕೆ ಫೋನ್ ಮಾಡಿ. ಬೆಂಗಳೂರಿನಲ್ಲಾದರೆ ಹೊಯ್ಸಳ ಗಾಡಿ ಬರುತ್ತದೆ. ಮಕ್ಕಳ ಸಹಾಯವಾಣಿ 1098 ಹಗಲೂ ರಾತ್ರಿ ಇರುತ್ತದೆ. ಮಗುವಿಗೆ ರಕ್ಷಣೆ ಬೇಕು ಎನ್ನಿಸಿದರೆ ಅವರು ವಿಷಯವನ್ನು ಮಕ್ಕಳ ಕಲ್ಯಾಣ ಸಮಿತಿಗೆ ತಲುಪಿಸುತ್ತಾರೆ. 2015ರ ಬಾಲ ನ್ಯಾಯ ಕಾಯ್ದೆ ಪ್ರಕಾರ ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು. ಅವರು ಯಾರು ಎಂದು ಹೆಸರು ಹಿಡಿದು ಕೇಳಿ.

ಅಪಾಯ ಇಲ್ಲ, ಸಿಟ್ಟು ಮಾತ್ರ ಇದೆ ಎಂದಾದರೆ 112 ಒತ್ತಬೇಡಿ. ತಂದೆಯೋ ತಾಯಿಯೋ ಇರುವ ಮನೆಗೆ ಯೂನಿಫಾರ್ಮ್ ಬಂದು ನಿಂತರೆ ಮಗು ಹೆದರುವುದು ನಿಮ್ಮ ಎದುರಾಳಿಗಿಂತ ಜಾಸ್ತಿ.

ಹೆಜ್ಜೆ 2: ನೀವು ಎಲ್ಲಿ ನಿಂತಿದ್ದೀರಿ?

ಸುಮ್ನೆ "ಮಗು ಕೊಡ್ತಿಲ್ಲ" ಎಂದು ಹೋದರೆ ಯಾರಿಗೂ ಅರ್ಥವಾಗುವುದಿಲ್ಲ. ಕೋರ್ಟ್ ಆದೇಶವೇ ಇಲ್ಲದೆ ಒಬ್ಬರು ಮಗುವನ್ನು ಕರೆದುಕೊಂಡು ಹೋಗಿರಬಹುದು. ಆದೇಶ ಇದ್ದು, ಭೇಟಿಗೆ ಬಿಡದೇ ಇರಬಹುದು ಅಥವಾ ತಡವಾಗಿ ಕಳಿಸುತ್ತಿರಬಹುದು. ಇಲ್ಲವೇ ಸುಪರ್ದಿ ನಿಮಗೆ ಎಂದು ಆದೇಶ ಆಗಿದ್ದು, ಎದುರಿನವರು ಮಗುವಿನ ಜೊತೆ ಊರು ಬಿಟ್ಟಿರಬಹುದು. ಈ ಮೂರಕ್ಕೂ ದಾರಿ ಬೇರೆ ಬೇರೆ. ಎರಡನೆಯದಕ್ಕೆ ಹೆಜ್ಜೆ 6, ಮೂರನೆಯದಕ್ಕೆ ಹೆಜ್ಜೆ 4 ಮತ್ತು 7 ನೋಡಿ.

ಮೊದಲನೆಯದಾದರೆ ಅದೇ ವಾರ ಫ್ಯಾಮಿಲಿ ಕೋರ್ಟಿಗೆ ಹೋಗಿ. ಮಗು ಸಾಮಾನ್ಯವಾಗಿ ವಾಸಿಸುವ ಊರಿನ ಕೋರ್ಟಿನಲ್ಲೇ ಅರ್ಜಿ ಹಾಕಬೇಕು, 1890ರ ಕಾಯ್ದೆಯ 9ನೇ ಸೆಕ್ಷನ್. ಅದರ ಜೊತೆಗೇ 12ನೇ ಸೆಕ್ಷನ್ ಕೆಳಗೆ ಮಧ್ಯಂತರ ಸುಪರ್ದಿ ಅಥವಾ ಭೇಟಿ ಕೇಳಿ. ಬೆಂಗಳೂರಿನ ಫ್ಯಾಮಿಲಿ ಕೋರ್ಟ್ ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿದೆ. ಮಧ್ಯಸ್ಥಿಕೆ ಕೇಂದ್ರವೂ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರವೂ ಅಲ್ಲೇ. ಹೆಂಗಸರಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿ ಕೇಳಬಹುದು. ಮನೆಯಲ್ಲಿ ಹಿಂಸೆ ಅನುಭವಿಸಿದ ಹೆಂಗಸಿಗೆ ಇನ್ನೊಂದು ಬಾಗಿಲೂ ಇದೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯ 21ನೇ ಸೆಕ್ಷನ್ ಕೆಳಗೆ ಮ್ಯಾಜಿಸ್ಟ್ರೇಟ್ ತಾತ್ಕಾಲಿಕ ಸುಪರ್ದಿ ಕೊಡಬಹುದು.

ತಡ ಮಾಡಬೇಡಿ. ಮಗು ಆರು ತಿಂಗಳು ಒಂದು ಶಾಲೆಗೆ ಹೋಗಿ, ಹೊಸ ಗೆಳೆಯರಾಗಿ, ಅಲ್ಲೇ ಹೊಂದಿಕೊಂಡರೆ ಜಡ್ಜ್ ಅದನ್ನೂ ನೋಡುತ್ತಾರೆ.

ಹೆಜ್ಜೆ 3: ಠಾಣೆಗೆ ಹೋಗಲೇಬೇಕಾದರೆ

ಆದೇಶದ ಸರ್ಟಿಫೈಡ್ ಕಾಪಿ ಒಯ್ಯಿರಿ. ಜೆರಾಕ್ಸ್ ಸಾಲದು. ಜೊತೆಗೆ ಮಗುವಿನ ಜನನ ಪ್ರಮಾಣಪತ್ರ, ಇತ್ತೀಚಿನ ಫೋಟೋ, ಕೊನೆಯ ಸಲ ಮಗು ಯಾವ ಬಟ್ಟೆಯಲ್ಲಿತ್ತು ಎಂಬ ವಿವರ, ಎದುರಿನವರ ವಿಳಾಸ, ಗಾಡಿ ನಂಬರ್.

ದೂರು ಒಂದೇ ಪುಟ ಇರಲಿ. ಮದುವೆ ಆದಾಗಿನಿಂದ ಶುರು ಮಾಡಬೇಡಿ. ನಮ್ಮ ಮೊದಲ ದೂರು ಏಳು ಪುಟ ಇತ್ತು, ಅದರಲ್ಲಿ ಮಗುವಿನ ಹೆಸರು ಬಂದದ್ದು ಐದನೇ ಪುಟದಲ್ಲಿ. ಎರಡನೇ ಸಲ, ಆದೇಶದಲ್ಲಿ ಗಂಟೆ ಬರೆಸಿಕೊಂಡ ಮೇಲೆ, ಹೀಗೆ ಬರೆದೆವು: "ಇಂಥ ಕೋರ್ಟಿನ ಇಂಥ ನಂಬರಿನ ಕೇಸಿನಲ್ಲಿ ಇಂಥ ದಿನಾಂಕದ ಆದೇಶದಂತೆ ಮಗುವನ್ನು ಇಂದು ಸಂಜೆ 5ಕ್ಕೆ ಒಪ್ಪಿಸಬೇಕಿತ್ತು. ಒಪ್ಪಿಸಿಲ್ಲ. 5:20, 6:05, 7:30ಕ್ಕೆ ಫೋನ್ ಮಾಡಿದೆ, ತೆಗೆಯಲಿಲ್ಲ. ಮಗು ಎಲ್ಲಿದೆ ಎಂದು ಗೊತ್ತಿಲ್ಲ. ಮಗು ಸುರಕ್ಷಿತವಾಗಿದೆಯೇ ಎಂದು ವಿಚಾರಿಸಿ, ಈ ದೂರಿಗೆ ಸ್ವೀಕೃತಿ ಕೊಡಿ." ಆ ಸಲ ಹತ್ತು ನಿಮಿಷದಲ್ಲಿ ಫೋನ್ ಹೋಯಿತು.

ಸ್ವೀಕೃತಿ ಇಲ್ಲದೆ ಎದ್ದು ಬರಬೇಡಿ. "ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ" ಎಂದರೆ ಜಗಳ ಆಡಬೇಡಿ, ಅದನ್ನೇ ಹಿಂಬರಹದಲ್ಲಿ, ಅಂದರೆ ಠಾಣೆಯ ಲಿಖಿತ ಉತ್ತರದಲ್ಲಿ, ಬರೆದುಕೊಡಿ ಎಂದು ಕೇಳಿ. ಭೇಟಿಗೆ ಬಿಡದಿರುವುದು ನಮ್ಮಲ್ಲಿ ಸಾಮಾನ್ಯವಾಗಿ ಪೊಲೀಸರು ಎಫ್‌ಐಆರ್ ಹಾಕುವಂಥ ಅಪರಾಧವಲ್ಲ. ಹಾಗಾಗಿ ಅವರು ಹೇಳುವುದು ಎಷ್ಟೋ ಸಲ ಸರಿಯೇ. ಆದರೆ ನಾಳೆ ಕೋರ್ಟಿನಲ್ಲಿ "ಆ ದಿನ ಮಗು ಕೊಟ್ಟಿದ್ದೆ" ಎಂದು ಎದುರಿನವರು ಹೇಳಿದರೆ ಆ ಹಿಂಬರಹದ ಮೇಲಿನ ದಿನಾಂಕವೇ ನಿಮ್ಮ ಸಾಕ್ಷಿ.

ಮಗುವನ್ನು ಠಾಣೆಗೆ ಕರೆದುಕೊಂಡು ಹೋಗಬೇಡಿ. 15 ವರ್ಷದೊಳಗಿನ ಹುಡುಗನನ್ನಾಗಲಿ, ಯಾವುದೇ ವಯಸ್ಸಿನ ಹೆಣ್ಣನ್ನಾಗಲಿ ವಿಚಾರಣೆಗೆಂದು ಮನೆಯಿಂದ ಬೇರೆ ಕಡೆಗೆ ಬರಲೇಬೇಕೆಂದು ಪೊಲೀಸರು ಹೇಳುವಂತಿಲ್ಲ. ಹಳೆಯ ಸಿಆರ್‌ಪಿಸಿ ಬದಲು ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಸೆಕ್ಷನ್ ಇದನ್ನೇ ಹೇಳುತ್ತದೆ.

ಹೆಜ್ಜೆ 4: ಕಿಡ್ನ್ಯಾಪ್ ಕೇಸ್ ಆಗುತ್ತದೆಯೇ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಹಳೆಯ ಐಪಿಸಿ ಬದಲು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 137ನೇ ಸೆಕ್ಷನ್ ಪ್ರಕಾರ, ಕಾನೂನುಬದ್ಧ ಪೋಷಕರ ಒಪ್ಪಿಗೆ ಇಲ್ಲದೆ 18 ವರ್ಷದೊಳಗಿನ ಮಗುವನ್ನು ಕರೆದುಕೊಂಡು ಹೋದರೆ ಅಪಹರಣ. ಶಿಕ್ಷೆ 7 ವರ್ಷದವರೆಗೆ. ಆದರೆ ಅಪ್ಪ ಅಮ್ಮ ಇಬ್ಬರೂ ಕಾನೂನುಬದ್ಧ ಪೋಷಕರೇ ಅಲ್ವಾ? ಹಾಗಾಗಿ ಕೋರ್ಟ್ ಆದೇಶ ಇಲ್ಲದಿರುವಾಗ ಒಬ್ಬರ ಮೇಲೆ ಇನ್ನೊಬ್ಬರು ಹಾಕುವ ಈ ಕೇಸ್ ನಿಲ್ಲುವುದು ಕಷ್ಟ. ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2023ರಲ್ಲಿ ಇಂಥದ್ದೇ ಕೇಸನ್ನು ರದ್ದು ಮಾಡಿತು. ಕೋರ್ಟಿನ ನಿಷೇಧ ಇಲ್ಲದಿರುವಾಗ ಸ್ವಂತ ತಂದೆಯ ಮೇಲೆ ಅಪಹರಣ ಹೊರಿಸಲಾಗದು ಎಂದಿತು. "ಕೋರ್ಟಿನ ನಿಷೇಧ ಇಲ್ಲದಿರುವಾಗ" ಎಂಬ ಮಾತನ್ನು ಗಮನಿಸಿ. ಸುಪರ್ದಿ ಒಬ್ಬರಿಗೇ ಎಂದು ಆದೇಶ ಆಗಿದ್ದು, ಇನ್ನೊಬ್ಬರು ಮಗುವನ್ನು ಹೊತ್ತೊಯ್ದರೆ ಲೆಕ್ಕ ಬೇರೆಯೇ ಆಗುತ್ತದೆ.

ಪೊಲೀಸರು ಕೂಡಲೇ ಎಫ್‌ಐಆರ್ ಹಾಕದಿರಲು ಇನ್ನೊಂದು ಕಾರಣ ಇದೆ. ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಎಫ್‌ಐಆರ್ ಕಡ್ಡಾಯ ಎಂದರೂ ಗಂಡ ಹೆಂಡತಿ ಮತ್ತು ಕುಟುಂಬದ ಜಗಳಗಳಲ್ಲಿ ಮೊದಲು ಪ್ರಾಥಮಿಕ ವಿಚಾರಣೆ ಮಾಡಬಹುದು ಎಂದು ಬಿಟ್ಟಿದೆ. ಸ್ಪಷ್ಟ ಆದೇಶ ಮುರಿದಿದ್ದರೂ ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ದೂರನ್ನು ಅಂಚೆಯಲ್ಲಿ ಎಸ್‌ಪಿಗೆ ಅಥವಾ ಡಿಸಿಪಿಗೆ ಕಳಿಸಿ. ಆಮೇಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಹೋಗಬಹುದು. ಎಫ್‌ಐಆರ್ ಆದರೆ ಅದರ ಪ್ರತಿ ನಿಮಗೆ ಉಚಿತವಾಗಿ ಸಿಗಬೇಕು. ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ತಿಳಿಸಬೇಕು.

ಕೆಲವರು ಸರ್ಚ್ ವಾರಂಟ್ ಕೇಳಿ ಎಂದು ಸಲಹೆ ಕೊಡುತ್ತಾರೆ. ಹಳೆಯ ಸಿಆರ್‌ಪಿಸಿ 97, ಈಗ ನಾಗರಿಕ ಸುರಕ್ಷಾ ಸಂಹಿತೆಯ 100ನೇ ಸೆಕ್ಷನ್. ಅಕ್ರಮವಾಗಿ ಕೂಡಿ ಹಾಕಿದವರನ್ನು ಬಿಡಿಸಲು ಇರುವ ದಾರಿ ಅದು. ತಂದೆಯ ಜೊತೆ ಇರುವ ಮಗುವನ್ನು ಹಾಗೆ ಕೂಡಿ ಹಾಕಲಾಗಿದೆ ಎನ್ನಲಾಗದು ಎಂದು ರಮೇಶ್ ಮತ್ತು ಲಕ್ಷ್ಮೀಬಾಯಿ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ದಾರಿಗೆ ದುಡ್ಡು ಸಮಯ ಹಾಕುವ ಮೊದಲು ಯೋಚಿಸಿ.

ಹೆಜ್ಜೆ 5: ಆದೇಶದ ಮಾತುಗಳನ್ನು ಸರಿ ಮಾಡಿಸಿಕೊಳ್ಳಿ

ಇಡೀ ಬರಹದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

"ಭೇಟಿಗೆ ಅವಕಾಶವಿದೆ" ಎಂಬ ಸಾಲಿನಿಂದ ಪೊಲೀಸರೂ ಏನೂ ಮಾಡಲಾಗದು, ಜಡ್ಜ್ ಕೂಡ ಯಾರು ತಪ್ಪಿದರು ಎಂದು ಹೇಳಲಾಗದು. ಅರ್ಜಿ ಹಾಕುವಾಗಲೇ, ಅಥವಾ ಇಬ್ಬರೂ ಸಹಿ ಹಾಕಿ ಕೋರ್ಟಿಗೆ ಕೊಡುವ ಜಂಟಿ ಮೆಮೊ ಬರೆಯುವಾಗಲೇ, ಗಂಟೆ, ಜಾಗ, ಮಗುವನ್ನು ಒಪ್ಪಿಸುವವರು ಮತ್ತು ಪಡೆಯುವವರು ಎಲ್ಲವನ್ನೂ ಬರೆಸಿ. ನಮ್ಮ ತಿದ್ದಿದ ಆದೇಶ ಹೀಗಿತ್ತು: "ಪ್ರತಿ ತಿಂಗಳ 1, 3 ಮತ್ತು 5ನೇ ಭಾನುವಾರ ಬೆಳಿಗ್ಗೆ 10ಕ್ಕೆ ತಂದೆಯು ಮಗುವನ್ನು ತಾಯಿಯ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕರೆದುಕೊಂಡು, ಅದೇ ದಿನ ಸಂಜೆ 5ಕ್ಕೆ ಅದೇ ಜಾಗದಲ್ಲಿ ತಾಯಿಗೆ ಅಥವಾ ಅಜ್ಜಿಗೆ ಒಪ್ಪಿಸಬೇಕು." ಓದಿದ ಯಾವ ಕಾನ್‌ಸ್ಟೇಬಲ್‌ಗೂ ಅನುಮಾನ ಬರುವುದಿಲ್ಲ.

ಮಗುವಿಗೆ ಜ್ವರ ಬಂದರೆ ಏನು? ಡಾಕ್ಟರ್ ಚೀಟಿ ಕಳಿಸಿ, ಮುಂದಿನ ಭಾನುವಾರ ಕೊಡಬೇಕು ಎಂದು ಬರೆಸಿ. "ಜ್ವರ" ಎನ್ನುವುದೇ ಎಷ್ಟೋ ಮನೆಗಳಲ್ಲಿ ಭೇಟಿ ತಪ್ಪಿಸುವ ದಾರಿ ಆಗಿಬಿಟ್ಟಿದೆ. ದಸರಾ ರಜೆ, ಬೇಸಿಗೆ ರಜೆ ಅರ್ಧ ಅರ್ಧ ಎಂದು ಬರೆದರೆ ಸಾಲದು, ಮೊದಲ ಅರ್ಧ ಯಾರದು ಎಂದೂ ಬರೆಯಬೇಕು. ಹುಟ್ಟುಹಬ್ಬ, ಯುಗಾದಿ ಅಥವಾ ರಂಜಾನ್ ಅಥವಾ ಕ್ರಿಸ್‌ಮಸ್, ನಿಮ್ಮ ಮನೆಗೆ ಯಾವುದು ಮುಖ್ಯವೋ ಅದನ್ನು ಸೇರಿಸಿ. ದೂರದ ಊರಿನಲ್ಲಿರುವವರಿಗೆ ವಿಡಿಯೋ ಕಾಲ್‌ನ ವಾರ ಮತ್ತು ಗಂಟೆ. ಯಶಿತಾ ಸಾಹು ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಮಗುವಿಗೆ ಇಬ್ಬರ ಪ್ರೀತಿಯೂ ಬೇಕು, ಭೇಟಿ ಆಗದಿದ್ದರೆ ವಿಡಿಯೋ ಕಾಲ್ ಆದರೂ ಇರಲಿ ಎಂದಿದೆ. ಪಾಸ್‌ಪೋರ್ಟ್ ಯಾರ ಹತ್ತಿರ ಇರಬೇಕು, ಕೋರ್ಟ್ ಅನುಮತಿ ಇಲ್ಲದೆ ದೇಶ ಬಿಡಬಾರದು ಎಂಬ ಮಾತೂ ಬೇಕು.

ಕೊನೆಯಲ್ಲಿ ಒಂದು ಸಾಲು ಮರೆಯಬೇಡಿ: ಆದೇಶ ಪಾಲಿಸದಿದ್ದರೆ ಸಂಬಂಧಪಟ್ಟ ಠಾಣೆಯ ಅಧಿಕಾರಿ ನೆರವು ಕೊಡಬೇಕು. ಜಡ್ಜ್ ಒಪ್ಪಿದರೆ, ಪಿಎಸ್‌ಐ ಕೇಳಿದ "ಯಾವ ಆಧಾರದ ಮೇಲೆ" ಎಂಬ ಪ್ರಶ್ನೆಗೆ ಆ ಸಾಲೇ ಉತ್ತರ. ಆದೇಶದ ಒಂದು ಪ್ರತಿ ಶಾಲೆಯ ಹೆಡ್‌ಮಿಸ್ ಕೈಗೂ ಕೊಡಿ. ಶಾಲೆಯ ಗೇಟಿನಲ್ಲಿ ಮಗುವನ್ನು ಎಳೆದಾಡುವ ದೃಶ್ಯ ಯಾವ ಮಗುವಿಗೂ ಬೇಡ.

ಹೆಜ್ಜೆ 6: ಆದೇಶ ಮುರಿದಾಗ ಕೋರ್ಟಿಗೇ ವಾಪಸ್ ಹೋಗಿ

ಒಂದು ನೋಟ್ ಬುಕ್ ಇಡಿ. ದಿನಾಂಕ, ಹೋದ ಗಂಟೆ, ಏನಾಯಿತು, ಅಷ್ಟೇ. ಬಾಗಿಲು ತೆರೆಯದಿದ್ದಾಗ ಅಲ್ಲೇ ನಿಂತು ಒಂದು ಮೆಸೇಜ್ ಕಳಿಸಿ: "10ಕ್ಕೆ ಬಂದಿದ್ದೇನೆ, ಗೇಟಿನಲ್ಲಿದ್ದೇನೆ." ಬೈಗುಳ ಬೇಡ. ಆ ಮೆಸೇಜನ್ನು ಜಡ್ಜ್ ಓದುತ್ತಾರೆ ಎಂದುಕೊಂಡೇ ಬರೆಯಿರಿ. ಫ್ಯಾಮಿಲಿ ಕೋರ್ಟ್ ಕಾಯ್ದೆಯ 14ನೇ ಸೆಕ್ಷನ್ ಕೆಳಗೆ, ವಿವಾದ ಬಗೆಹರಿಸಲು ನೆರವಾಗುವ ಯಾವ ದಾಖಲೆಯನ್ನಾದರೂ ಕೋರ್ಟ್ ನೋಡಬಹುದು.

ಮೂರು ನಾಲ್ಕು ಸಲ ತಪ್ಪಿದ ಮೇಲೆ ಅಮಲ್ಜಾರಿ ಅರ್ಜಿ, ಅಂದರೆ ಆದೇಶವನ್ನು ಜಾರಿ ಮಾಡಿಸಿ ಎಂದು ಕೇಳುವ ಅರ್ಜಿ, ಹಾಕಿ. ಕೋರ್ಟ್ ಎಚ್ಚರಿಕೆ ಕೊಡಬಹುದು, ತಪ್ಪಿದ ದಿನಗಳಿಗೆ ಬದಲಿ ದಿನ ಕೊಡಬಹುದು, ಪೊಲೀಸ್ ನೆರವಿಗೆ ಆದೇಶಿಸಬಹುದು. 1890ರ ಕಾಯ್ದೆಯಲ್ಲೂ ಕೆಲವು ಆದೇಶ ಮೀರಿದರೆ ದಂಡ ಇದೆ: 100 ರೂಪಾಯಿ, ಆಮೇಲೆ ದಿನಕ್ಕೆ 10, ಒಟ್ಟು 500ಕ್ಕೆ ಮೀರದಂತೆ. ಬ್ರಿಟಿಷರ ಕಾಲದಲ್ಲಿ ದೊಡ್ಡ ಮೊತ್ತವೇ ಇದ್ದಿರಬೇಕು. ಇವತ್ತು ಯಾರೂ ಅದಕ್ಕೆ ಹೆದರುವುದಿಲ್ಲ, ಇದನ್ನು ಬದಲಿಸಲೇಬೇಕು. ಆದರೆ ಅದೇ ಸೆಕ್ಷನ್ ಮಗುವನ್ನು ಹಾಜರುಪಡಿಸಲು ಒಪ್ಪುವವರೆಗೆ ಸಿವಿಲ್ ಜೈಲಿನಲ್ಲಿ ಇಡಬಹುದು ಎಂದೂ ಹೇಳುತ್ತದೆ. ಅದಕ್ಕೆ ಹೆದರುತ್ತಾರೆ.

ಬೇಕೆಂದೇ ಆದೇಶ ಮೀರಿದ್ದಕ್ಕೆ ನ್ಯಾಯಾಂಗ ನಿಂದನೆ ಅರ್ಜಿಯನ್ನೂ ಹಾಕಬಹುದು. ಅದನ್ನು ಕೇಳುವುದು ಹೈಕೋರ್ಟ್. ಶಿಕ್ಷೆ 6 ತಿಂಗಳು ಜೈಲು ಅಥವಾ 2,000 ರೂಪಾಯಿ ದಂಡದವರೆಗೆ. ಘಟನೆ ಆದ ಒಂದು ವರ್ಷದೊಳಗೆ ಹೋಗಬೇಕು.

ಹೆಜ್ಜೆ 7: ಮಗು ಎಲ್ಲಿದೆ ಎಂದೇ ಗೊತ್ತಿಲ್ಲದಾಗ

ಆಗ ಹೇಬಿಯಸ್ ಕಾರ್ಪಸ್, ಅಂದರೆ ಮಗುವನ್ನು ಹುಡುಕಿ ಕೋರ್ಟಿನ ಮುಂದೆ ಹಾಜರುಪಡಿಸಿ ಎಂದು ಹೈಕೋರ್ಟಿಗೆ ಹಾಕುವ ರಿಟ್ ಅರ್ಜಿ. ಬೆಂಗಳೂರು, ಧಾರವಾಡ, ಕಲಬುರಗಿ, ಹೈಕೋರ್ಟಿನ ಮೂರೂ ಕಡೆ ನಿಮ್ಮ ಜಿಲ್ಲೆಗೆ ತಕ್ಕಂತೆ ಹಾಕಬಹುದು. ಇಲ್ಲಿ ಪೊಲೀಸರ ನಡೆ ಪೂರ್ತಿ ಬದಲಾಗುತ್ತದೆ. ಸರ್ಕಾರವೂ ಠಾಣೆಯೂ ಪ್ರತಿವಾದಿಗಳು. ಸರ್ಕಾರದ ಪರ ವಕೀಲರು ಮಗುವನ್ನು ಹುಡುಕಲು ಏನು ಮಾಡಿದಿರಿ ಎಂದು ಪೊಲೀಸರಿಂದ ವರದಿ ತರಿಸಿ ಜಡ್ಜ್‌ಗಳ ಮುಂದಿಡಬೇಕು. ಹಾಗಾಗಿ ತಿಂಗಳುಗಟ್ಟಲೆ ಅಲ್ಲಾಡದ ಫೈಲು ಇಲ್ಲಿ ಬೇಗ ಓಡುತ್ತದೆ.

ಆದರೆ ಎಲ್ಲ ಸುಪರ್ದಿ ಜಗಳಕ್ಕೂ ಇದು ಮದ್ದಲ್ಲ. ತೇಜಸ್ವಿನಿ ಗೌಡ್ ಪ್ರಕರಣದಲ್ಲಿ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಹೀಗೆ: ಮಗುವನ್ನು ಇಟ್ಟುಕೊಂಡಿರುವುದು ಕಾನೂನಿನ ಆಧಾರವಿಲ್ಲದ್ದು ಎಂದು ತೋರಿಸಿದರೆ ಮಾತ್ರ ಈ ರಿಟ್, ಉಳಿದದ್ದೆಲ್ಲ 1890ರ ಕಾಯ್ದೆಯ ದಾರಿ. ಮಗು ಎಲ್ಲಿದೆ ಎಂದು ಗೊತ್ತಿದ್ದು, ಫೋನಿನಲ್ಲಿ ಮಾತೂ ಆಡುತ್ತಿದ್ದರೆ ಫ್ಯಾಮಿಲಿ ಕೋರ್ಟಿಗೆ ಹೋಗಿ ಎನ್ನುವ ಸಾಧ್ಯತೆಯೇ ಜಾಸ್ತಿ.

ಹೆಜ್ಜೆ 8: ಕ್ರಿಮಿನಲ್ ಕೇಸ್ ಆದರೆ ಅಭಿಯೋಜಕರ ಜೊತೆ

ತನಿಖೆ ಮುಗಿದ ಮೇಲೆ ಪೊಲೀಸರು ಚಾರ್ಜ್‌ಶೀಟ್ ಹಾಕುತ್ತಾರೆ, ಇಲ್ಲವೇ ಬಿ ರಿಪೋರ್ಟ್ ಹಾಕಿ ಮುಚ್ಚುತ್ತಾರೆ. ಬಿ ರಿಪೋರ್ಟ್ ಆದರೆ ದೂರುದಾರರು ಮ್ಯಾಜಿಸ್ಟ್ರೇಟ್ ಮುಂದೆ ತಕರಾರು ಹಾಕಬಹುದು. ಚಾರ್ಜ್‌ಶೀಟ್ ಆದರೆ ಎಪಿಪಿ ಕೇಸ್ ನಡೆಸುತ್ತಾರೆ. ಅವರು ನಿಮ್ಮ ವಕೀಲರಲ್ಲ, ಸರ್ಕಾರದ ವಕೀಲರು. ಅವರ ಕೈಯಲ್ಲಿ ಕೇಸುಗಳ ರಾಶಿ ಇರುತ್ತದೆ. ವಿಚಾರಣೆಗೆ ಮೊದಲು ಆದೇಶದ ಪ್ರತಿ, ದಿನಾಂಕಗಳ ಪಟ್ಟಿ ಕೊಟ್ಟರೆ ಅವರಿಗೂ ಅನುಕೂಲ. ನಿಮ್ಮ ಖಾಸಗಿ ವಕೀಲರು ಅವರಿಗೆ ಸಹಾಯ ಮಾಡಬಹುದು.

ನಡುವೆ ಇಬ್ಬರೂ ರಾಜಿಯಾದರೆ? ಅಪಹರಣ ಕೇಸನ್ನು ಕೆಳಗಿನ ಕೋರ್ಟಿನಲ್ಲಿ ಸುಮ್ನೆ ರಾಜಿ ಮಾಡಿ ಮುಗಿಸಲಾಗದು. ಹೈಕೋರ್ಟಿಗೆ ಹೋಗಿ ನಾಗರಿಕ ಸುರಕ್ಷಾ ಸಂಹಿತೆಯ 528ರ ಕೆಳಗೆ ರದ್ದು ಮಾಡಿಸಬೇಕು. ಸಿಟ್ಟಿನಲ್ಲಿ ಒಂದು ದಿನದಲ್ಲಿ ಹಾಕಿದ ಕೇಸು ಬಿಡಿಸಿಕೊಳ್ಳಲು ಹೀಗೆ ತಿಂಗಳುಗಳು ಬೇಕಾಗುತ್ತವೆ.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿರುದ್ಧ ಇರುವ ಪೋಕ್ಸೋ ಕಾಯ್ದೆ ಬಗ್ಗೆ ಒಂದು ಮಾತು. ಮಗುವಿನ ಮೇಲೆ ನಿಜಕ್ಕೂ ದೌರ್ಜನ್ಯ ಆಗಿದೆ ಎನ್ನಿಸಿದರೆ ಅದೇ ಗಂಟೆ ತಿಳಿಸಿ, ಮುಚ್ಚಿಡುವುದೇ ಅಪರಾಧ. ಮಗುವನ್ನು ಕೂರಿಸಿ ಮೊಬೈಲ್‌ನಲ್ಲಿ ಹೇಳಿಸಿ ರೆಕಾರ್ಡ್ ಮಾಡಬೇಡಿ. ಮಹಿಳಾ ಅಧಿಕಾರಿ, ಯೂನಿಫಾರ್ಮ್ ಇಲ್ಲದೆ, ಮಗುವಿಗೆ ಒಗ್ಗುವ ಜಾಗದಲ್ಲಿ ಕೇಳಿಕೊಳ್ಳುತ್ತಾರೆ. ಸುಪರ್ದಿ ಗೆಲ್ಲಲು ಮಾತ್ರ ಇಂಥ ದೂರು ಕೊಟ್ಟರೆ ಅದಕ್ಕೂ ಶಿಕ್ಷೆ ಇದೆ. ಅದಕ್ಕಿಂತ ಹೆಚ್ಚಾಗಿ, ಆಗದೇ ಇದ್ದದ್ದನ್ನು ಆಯಿತೆಂದು ಹೇಳಿಸಿಕೊಂಡ ಮಗು ಆ ಭಾರವನ್ನು ಎಷ್ಟು ವರ್ಷ ಹೊರಬೇಕು ಯೋಚಿಸಿ.

ವಿದೇಶದಲ್ಲಿರುವ ನಮ್ಮವರಿಗೆ

ಕ್ಯಾಲಿಫೋರ್ನಿಯಾದಲ್ಲಿ ಮೇಲೆ ಹೇಳಿದ್ದೆಲ್ಲ ತಲೆಕೆಳಗು. ಅಲ್ಲಿ ಸುಪರ್ದಿ ಅಥವಾ ಭೇಟಿಯ ಹಕ್ಕು ಕಸಿಯುವುದೇ ಅಪರಾಧ. ಡಿಸ್ಟ್ರಿಕ್ಟ್ ಅಟಾರ್ನಿ ಎನ್ನುವ ಅಭಿಯೋಜಕರ ಕಚೇರಿಯೇ ಮಗುವನ್ನು ಹುಡುಕಿ ತರಿಸುವ ಕೆಲಸ ಮಾಡುತ್ತದೆ. ಮಗುವನ್ನು ದೇಶದ ಹೊರಗೆ ಒಯ್ದರೆ ಇಡೀ ಅಮೆರಿಕಕ್ಕೆ ಅನ್ವಯಿಸುವ 1993ರ ಫೆಡರಲ್ ಕಾನೂನಿನಂತೆ 3 ವರ್ಷದವರೆಗೆ ಶಿಕ್ಷೆ. ಹಾಗಾಗಿ ಕ್ಯಾಲಿಫೋರ್ನಿಯಾದ ಸನ್ನಿವೇಲ್ ಊರಿನಿಂದ ಯಾರಿಗೂ ಹೇಳದೆ ಬೆಂಗಳೂರಿನ ತವರಿಗೆ ಮಗುವನ್ನು ಕರೆತಂದವರಿಗೆ ಅಲ್ಲಿ ವಾರಂಟ್ ಕಾದಿರಬಹುದು. ಹಿಂಸೆಗೆ ಹೆದರಿ ಹೊರಟಿದ್ದರೆ, ಅದೇ ಅಟಾರ್ನಿ ಕಚೇರಿಗೆ 10 ದಿನದೊಳಗೆ ತಿಳಿಸಿ, 30 ದಿನದೊಳಗೆ ಸುಪರ್ದಿ ಕೇಸು ಹಾಕಿದರೆ ಅಲ್ಲಿನ ಕಾನೂನೇ ರಕ್ಷಣೆ ಕೊಡುತ್ತದೆ.

ಮಕ್ಕಳ ಅಪಹರಣದ ಬಗ್ಗೆ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಹಾಗಾಗಿ ಅಲ್ಲಿ ಉಳಿದವರು ಇಲ್ಲಿನ ಹೈಕೋರ್ಟಿಗೇ ಬರಬೇಕು. ಅಮೆರಿಕದ ಆದೇಶ ಇದ್ದ ಮಾತ್ರಕ್ಕೆ ಮಗುವನ್ನು ವಾಪಸ್ ಕಳಿಸುವುದಿಲ್ಲ, ಅದು ನೋಡುವ ಹಲವು ಅಂಶಗಳಲ್ಲಿ ಒಂದು ಎಂದು ನಿತ್ಯಾ ಆನಂದ್ ರಾಘವನ್ ಪ್ರಕರಣದಲ್ಲಿ 2017ರಲ್ಲಿ ತೀರ್ಮಾನವಾಗಿದೆ.

ಆದೇಶ ಹಳತಾದಾಗ

ಸುಪರ್ದಿ ಆದೇಶ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಮಗು ಬೆಳೆದಂತೆ ಬದಲಿಸಬಹುದು ಎಂದು ರೋಸಿ ಜೇಕಬ್ ಪ್ರಕರಣದಲ್ಲಿ 1973ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನೂ ಜಡ್ಜ್ ಕೇಳಬಹುದು. ಆ ದಿನ ಮಗುವಿಗೆ ಏನು ಹೇಳಬೇಕು ಎಂದು ಕಲಿಸಿ ಕಳಿಸಬೇಡಿ. ಕಲಿಸಿದ ಮಾತು ಅವರಿಗೆ ಬೇಗ ಗೊತ್ತಾಗುತ್ತದೆ.

ಅಕ್ಕನ ಮಗ ಈಗ ಭಾನುವಾರ ಕ್ರಿಕೆಟ್ ಕೋಚಿಂಗ್‌ಗೆ ಹೋಗುತ್ತಾನೆ. 10ಕ್ಕೆ ಗೇಟಿನಲ್ಲಿ ನಿಲ್ಲಲು ಆಗುವುದಿಲ್ಲ. ಕಳೆದ ಜೂನ್‌ನಲ್ಲಿ ಅಕ್ಕ, ಭಾವ ಇಬ್ಬರೂ ಸಹಿ ಹಾಕಿ ಜಂಟಿ ಮೆಮೊ ಕೊಟ್ಟರು. ಆದೇಶದಲ್ಲಿ ಎರಡು ಸಾಲು ಬದಲಾಯಿತು. ಈಗ ಭಾವ ನೇರವಾಗಿ ಮೈದಾನಕ್ಕೆ ಬರುತ್ತಾರೆ, ಹನ್ನೊಂದೂವರೆಗೆ.